ಹಡಗು ಏರುವ ಬೆಲ್ಲಕ್ಕೆ ಬಣ್ಣ ಬೇಕೋ, ಬಾಳಿಕೆ ಬೇಕೋ?

ಬಿದ್ರಿ ಸುತ್ತಿನ ಊರುಗಳಲ್ಲಿ ಹಂಗಾಮು ಬಂತೆಂದರೆ ರೈತರ ಮುಂದೆ ಒಂದೇ ಪ್ರಶ್ನೆ: ಕಬ್ಬು ಕಾರ್ಖಾನೆಗೋ, ಗಾಣಕ್ಕೋ? ದೂಧಗಂಗಾ-ವೇದಗಂಗಾ ಸಹಕಾರಿ ಸಕ್ಕರೆ ಕಾರ್ಖಾನೆ ಮನೆ ಬಾಗಿಲಲ್ಲೇ ಇದೆ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಶೇ. 10.25 ಇಳುವರಿಯ ಕಬ್ಬಿಗೆ ಕ್ವಿಂಟಲಿಗೆ 355 ರೂ. ಎಫ್‌ಆರ್‌ಪಿ ಗೊತ್ತುಮಾಡಿತು. ಗಡಿಯಾಚೆ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂ. ಕೇಳಿ ಧರಣಿ ಕೂತರು. ನವೆಂಬರಿನಲ್ಲಿ ಕರ್ನಾಟಕ ಸರ್ಕಾರ 3,300 ರೂ. ಘೋಷಿಸಿತು. ಗಾಣದವರಿಗೆ ಇಂಥ ಯಾವ ಘೋಷಣೆಯೂ ಇಲ್ಲ. ಟನ್ ಕಬ್ಬಿಗೆ 100ರಿಂದ 120 ಕಿಲೋ ಬೆಲ್ಲ. ಅದರಲ್ಲಿ ಆಳಿನ ಕೂಲಿ, ಸಾಗಾಣಿಕೆ, ದಲಾಲಿ ಎಲ್ಲ ಕಳೆದು ಉಳಿದದ್ದು ನಮ್ಮದು. ಹೀಗಿರುವಾಗ ‘ಪರದೇಶಕ್ಕೆ ಕಳಿಸಿ, ಒಳ್ಳೆ ದರ ಸಿಗುತ್ತದೆ’ ಎಂಬ ಮಾತು ಕಿವಿಗೆ ಹಿತವಾಗಿಯೇ ಕೇಳುತ್ತದೆ. ಆ ಮಾತಿನಲ್ಲಿ ಎಷ್ಟು ಹುರುಳಿದೆ ಎಂದು ನೋಡಬೇಕಾಗಿದೆ.

ಹೆಸರಿನ ಬಂಡವಾಳವಂತೂ ನಮ್ಮಲ್ಲಿದೆ. ಶಾಹೂ ಮಹಾರಾಜರು 1895ರಲ್ಲಿ ಶಾಹುಪುರಿ ಪೇಟೆ ಕಟ್ಟಿಸಿದ್ದೇ ಬೆಲ್ಲದ ವ್ಯಾಪಾರಕ್ಕಾಗಿ. 2014ರಲ್ಲಿ ಕೊಲ್ಹಾಪುರದ ಬೆಲ್ಲಕ್ಕೆ ಭೌಗೋಳಿಕ ಗುರುತು, ಅಂದರೆ ಜಿಐ, ಸಿಕ್ಕಿತು. ಇಲ್ಲಿಂದ ಲಾರಿ ಸುಮಾರು 400 ಕಿ.ಮೀ. ಓಡಿ ಮುಂಬಯಿಯ ನ್ಹಾವಾ ಶೇವಾ ಬಂದರು ಮುಟ್ಟುತ್ತದೆ. ಇಪ್ಪತ್ತು ಅಡಿಯ ಒಂದು ಕಂಟೇನರಿನಲ್ಲಿ ಪ್ಯಾಕ್ ಮಾಡಿದ ಬೆಲ್ಲ 18 ಟನ್ ಹಿಡಿಯಿತೆಂದು ಇಟ್ಟುಕೊಳ್ಳಿ. ಅದಕ್ಕೆ ಗಾಣಕ್ಕೆ ಬರಬೇಕಾದ ಕಬ್ಬು 150ರಿಂದ 180 ಟನ್. ಒಬ್ಬ ಗಾಣದವನ ಕೈಯಲ್ಲಿ ಆಗುವ ಕೆಲಸವಲ್ಲ. ಹತ್ತು ಗಾಣದ ಮಾಲು ಒಟ್ಟಾಗಬೇಕು. ಒಟ್ಟಾದ ಮಾಲಿನಲ್ಲಿ ಒಂದು ಗಾಣದ್ದು ಕೆಟ್ಟರೂ ಇಡೀ ಕಂಟೇನರ್ ವಾಪಸ್.

ಕೆಡುವುದು ಎಲ್ಲಿ? ಸಮುದ್ರದ ಮೇಲೆ. 2023ರ ನವೆಂಬರಿನಿಂದ ಹೂಥಿಗಳು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುಮಾಡಿದರು. ದೊಡ್ಡ ಹಡಗು ಕಂಪನಿಗಳು ಸುಯೆಜ್ ಕಾಲುವೆ ಬಿಟ್ಟು ಆಫ್ರಿಕಾದ ಗುಡ್‌ಹೋಪ್ ಭೂಶಿರ ಸುತ್ತಿಕೊಂಡು ಯೂರೋಪಿಗೆ ಹೋಗತೊಡಗಿದವು. 10ರಿಂದ 14 ದಿನ ಹೆಚ್ಚು, ಬಾಡಿಗೆಯೂ ಹೆಚ್ಚು. ದುಬೈಯ ಜೆಬೆಲ್ ಅಲಿಗೆ ಆ ದಾರಿ ಬೇಕಿಲ್ಲ. ಆದರೆ ಲಂಡನ್ನಿಗೆ, ರಾಟರ್‌ಡ್ಯಾಮಿಗೆ ಕಳಿಸುವವರಿಗೆ ಎರಡು ವಾರ ಎಂದರೆ ದೊಡ್ಡ ಮಾತು. ಬಾಡಿಗೆಯ ಸುದ್ದಿ ಪತ್ರಿಕೆಗಳಲ್ಲಿ ಬಂತು. ಬೆಲ್ಲಕ್ಕೆ ಆ ಎರಡು ವಾರ ಏನು ಮಾಡುತ್ತದೆ ಎಂಬುದನ್ನು ಬರೆದವರು ಕಡಿಮೆ.

ಬೆಲ್ಲ ಗಾಳಿಯ ತೇವವನ್ನು ಹೀರುವ ವಸ್ತು. ಬಿಸಿಲಿಗೆ ಕಬ್ಬಿಣದ ಕಂಟೇನರಿನ ಒಳಗೆ 50 ಡಿಗ್ರಿ ದಾಟುವುದುಂಟು. ರಾತ್ರಿ ತಂಪಾದಾಗ ಒಳಗಿನ ತೇವ ಮಾಡಿಗೆ ಅಂಟಿ, ಹನಿಯಾಗಿ ಪೆಟ್ಟಿಗೆಗಳ ಮೇಲೆ ಬೀಳುತ್ತದೆ. ಹೊರಗೆ ಮೋಡವಿಲ್ಲ, ಒಳಗೆ ಮಳೆ! ತೇವ ಹೀರುವ ಚೀಲಗಳನ್ನು ತೂಗುಹಾಕಿ, ಪೆಟ್ಟಿಗೆಯೊಳಗೆ ಗಾಳಿಯಾಡದ ಪಾಕೀಟು ಹಾಕಿ ಇದನ್ನು ತಡೆಯಬಹುದು. ತಡೆಯಲಾಗದ್ದು ಇನ್ನೊಂದಿದೆ. ಸವಾಲಿನ ಕಟ್ಟೆಯಲ್ಲಿ ದರ ಸಿಗುವುದು ಹಳದಿ ಬಣ್ಣದ ಪೆಂಟೆಗೆ. ಆ ಬಣ್ಣಕ್ಕಾಗಿ ಕೊಪ್ಪರಿಗೆಗೆ ಹೈಡ್ರೋಸ್ ಪುಡಿ ಬೀಳುತ್ತದೆ. ಪುಡಿ ಕೊಟ್ಟ ಬಣ್ಣ ನಿಲ್ಲುವುದಿಲ್ಲ. ದಿನ ಕಳೆದಂತೆ ಬೆಲ್ಲ ಕಪ್ಪಾಗುತ್ತದೆ. ಪೇಟೆಯಲ್ಲಿ ಇಂದು ಮಾರಿ ನಾಳೆ ಮರೆಯುವ ವ್ಯಾಪಾರಿಗೆ ಇದರ ಚಿಂತೆಯಿಲ್ಲ. ಒಂದೂವರೆ ತಿಂಗಳು ಬಿಸಿ ಪೆಟ್ಟಿಗೆಯಲ್ಲಿ ಕುಳಿತು ಹೋದ ಮಾಲಿನ ಬಾಗಿಲು ತೆರೆದಾಗ ಬಣ್ಣದ ಬಂಡವಾಳ ಬಯಲು. ಜೊತೆಗೆ ಗಂಧಕದ ಲೆಕ್ಕ. ನಮ್ಮ ದೇಶದ ನಿಯಮದಲ್ಲಿ ಬೆಲ್ಲದಲ್ಲಿ ಸಲ್ಫರ್ ಡೈಆಕ್ಸೈಡ್ 70 ಪಿಪಿಎಂವರೆಗೆ ನಡೆಯುತ್ತದೆ. ಅಮೆರಿಕ, ಯೂರೋಪಿನಲ್ಲಿ 10 ಪಿಪಿಎಂ ಮುಟ್ಟಿದರೆ ಲೇಬಲಿನ ಮೇಲೆ ಸಲ್ಫೈಟ್ ಇದೆಯೆಂದು ಬರೆಯಲೇಬೇಕು. ಬರೆಯದೆ ಸಿಕ್ಕಿಬಿದ್ದರೆ ಮಾಲು ಬಂದರಿನಲ್ಲೇ ನಿಲ್ಲುತ್ತದೆ. ನಮ್ಮ ಅಜ್ಜಂದಿರು ಬೆಂಡೆಯ ಲೋಳೆ ಹಾಕಿ ಹೊಲಸು ತೆಗೆಯುತ್ತಿದ್ದ ಕಂದು ಬೆಲ್ಲವೇ ಈ ಪರೀಕ್ಷೆಯಲ್ಲಿ ಪಾಸಾಗುವ ಮಾಲು. ಸವಾಲಿನಲ್ಲಿ ಅದಕ್ಕೆ ದರ ಕಡಿಮೆ. ಗಾಣದವನು ಹೈಡ್ರೋಸ್ ಬಿಡಲಿ ಎಂದು ಉಪದೇಶ ಮಾಡುವವರು ಮೊದಲು ಆ ದರದ ವ್ಯತ್ಯಾಸ ತುಂಬಿಕೊಡುವ ಖರೀದಿದಾರನನ್ನು ತೋರಿಸಬೇಕು ಎಂಬುದು ನಮ್ಮ ಅಭಿಪ್ರಾಯ.

ಈಗ ಗಡಿಯ ಮಾತು. ಕರ್ನಾಟಕದ ಬೆಲ್ಲ ಕೊಲ್ಹಾಪುರ ಪೇಟೆಗೆ ಬಂದು ಕೊಲ್ಹಾಪುರಿ ಹೆಸರಿನಲ್ಲಿ ಮಾರಾಟವಾಗುತ್ತದೆ ಎಂದು ಇಲ್ಲಿನ ರೈತರು ಹಲವು ಸಲ ಸವಾಲು ನಿಲ್ಲಿಸಿದ್ದಾರೆ. ಅವರ ಸಿಟ್ಟು ನ್ಯಾಯವಾದದ್ದೇ. ನಮ್ಮವರ ಪಾಡು ಮಾತ್ರ ವಿಚಿತ್ರ. ಗಡಹಿಂಗ್ಲಜ ತಾಲ್ಲೂಕಿನ ಕಾಕಾನ ಗಾಣದ ಬೆಲ್ಲ ಕೊಲ್ಹಾಪುರಿ. ಹತ್ತು ಮೈಲಿ ಆಚೆ ಹುಕ್ಕೇರಿ ತಾಲ್ಲೂಕಿನ ಸೋದರಮಾವನ ಬೆಲ್ಲ ಅಲ್ಲ. ಕಬ್ಬು ಅದೇ, ನೀರೂ ಹೆಚ್ಚುಕಡಿಮೆ ಅದೇ. ಆದರೂ ಪರದೇಶದ ಖರೀದಿದಾರ ಕೇಳುವುದು ‘ಈ ಪಾಕೀಟು ಯಾವ ಗಾಣದ್ದು?’ ಎಂದು. ಸುಳ್ಳು ಹೆಸರಿನ ಚೀಲ ಅಲ್ಲಿ ನಡೆಯುವುದಿಲ್ಲ. ಈಚೆಯವರು ಜಿಐ ಅಧಿಕೃತ ಬಳಕೆದಾರರಾಗಿ ಹೆಸರು ನೋಂದಾಯಿಸಿಕೊಳ್ಳುವುದು, ಆಚೆಯವರು ಸಂಕೇಶ್ವರ, ಮಹಾಲಿಂಗಪುರದ ಹೆಸರನ್ನೇ ಬೆಳೆಸುವುದು ಇಬ್ಬರಿಗೂ ಲೇಸು. ಮಹಾಲಿಂಗಪುರದ ಬೆಲ್ಲ ಯಾರ ಹೆಸರನ್ನೂ ಸಾಲ ಕೇಳಬೇಕಾದ್ದಲ್ಲ.

ಕಾಗದಪತ್ರದ ಕೆಲಸ ಹೆದರಿಸುವಷ್ಟೇನೂ ಇಲ್ಲ, ಆದರೆ ಉದ್ದ. ಡಿಜಿಎಫ್‌ಟಿಯ ಆಮದು-ರಫ್ತು ಕೋಡ್, ಅಪೆಡಾ ನೋಂದಣಿ, ಎಫ್‌ಎಸ್‌ಎಸ್‌ಎಐ ಪರವಾನಗಿ ಬೇಕು. ಅಮೆರಿಕಕ್ಕಾದರೆ ಪ್ಯಾಕ್ ಮಾಡುವ ಜಾಗ ಎಫ್‌ಡಿಎಯಲ್ಲಿ ದಾಖಲಾಗಿರಬೇಕು. ಹಡಗು ಬಂದರು ಸೇರುವ 8 ತಾಸಾದರೂ ಮೊದಲು ಮುನ್ಸೂಚನೆ ಕೊಡಬೇಕು. ಕೊಲ್ಲಿ ದೇಶಗಳಿಗಾದರೆ ಲೇಬಲ್ ಅರಬ್ಬಿಯಲ್ಲೂ ಇರಬೇಕು. (ಇಲ್ಲಿ ಬೋರ್ಡಿನ ಭಾಷೆಗಾಗಿ ಕಲ್ಲು ಎತ್ತುವವರು ಈ ಲೇಬಲನ್ನು ಒಮ್ಮೆ ನೋಡಲಿ.) 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಬೆಲ್ಲಕ್ಕೆ ಶೇ. 5 ಜಿಎಸ್‌ಟಿ ಇದೆ. ರಫ್ತಿನ ಮಾಲಿಗೆ ಅದು ಹೊರೆಯಲ್ಲ, ಕಟ್ಟಿದ್ದು ಮರಳಿ ಬರುತ್ತದೆ. ಬರುವವರೆಗೆ ಕೈಯಲ್ಲಿ ದುಡ್ಡು ಇರಬೇಕಷ್ಟೆ.

ಅಮೆರಿಕವೊಂದನ್ನೇ ನೆಚ್ಚುವುದು ಬೇಡ ಎಂಬುದನ್ನು 2025 ಕಲಿಸಿತು. ಆಗಸ್ಟ್ 27ರಿಂದ ಭಾರತದ ಬಹುತೇಕ ಸರಕಿನ ಮೇಲೆ ಸುಂಕ ಶೇ. 50ಕ್ಕೆ ಏರಿತು. ಅದೇ ವಾರ ಅಂಚೆಯ ಪಾರ್ಸಲೂ ನಿಂತಿತು. ಅಕ್ಟೋಬರಿನಲ್ಲಿ ಮತ್ತೆ ಶುರುವಾಗುವವರೆಗೆ ಮಕ್ಕಳಿಗೆ ಅಂಚೆಯಲ್ಲಿ ಶೇಂಗಾ ಚಟ್ನಿ, ಬೆಲ್ಲ ಕಳಿಸುತ್ತಿದ್ದ ತಾಯಂದಿರೂ ಕಾಯಬೇಕಾಯಿತು.

ಹೈಡ್ರೋಸ್ ಇಲ್ಲದ ಬೆಲ್ಲ ತೆಗೆಯುವ ಮನಸ್ಸಿರುವ ಸದಸ್ಯರಿಗೆ ಕೊಲ್ಹಾಪುರದಲ್ಲೇ ಪ್ರಾದೇಶಿಕ ಕಬ್ಬು ಮತ್ತು ಬೆಲ್ಲ ಸಂಶೋಧನಾ ಕೇಂದ್ರವಿದೆ. ಗಡಿಯಾಚೆ ಸಂಕೇಶ್ವರದಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ಎರಡಕ್ಕೂ ಬೆಳಿಗ್ಗೆ ಹೋಗಿ ಸಂಜೆಗೆ ಮರಳಬಹುದು. ಹೋಗುವಾಗ ಹೊಸ ಪೆಂಟೆಯ ಜೊತೆಗೆ ಎರಡು ತಿಂಗಳು ಮನೆಯಲ್ಲಿಟ್ಟ ಹಳೆಯ ಪೆಂಟೆಯೊಂದನ್ನೂ ಒಯ್ಯಿರಿ.