ಕಣ್ಣಿದ್ದೂ ಕಾಣದೇಕೆ?

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನವಾಗಿ ಪಡೆದದ್ದು ರಾಜಾಜಿನಗರದ ನಾರಾಯಣ ನೇತ್ರಾಲಯ. ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದ ಸುದ್ದಿ ಓದಿದ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ ಎದ್ದಿರಬಹುದು. ಹಾಗಾದರೆ ದೃಷ್ಟಿ ಕಳೆದುಕೊಂಡವರಿಗೆಲ್ಲ ಹೀಗೆ ಕಣ್ಣು ಜೋಡಿಸಬಹುದಲ್ಲವೇ?

ಸಾಧ್ಯವಿಲ್ಲ. ಅಂದು ಕಸಿ ಮಾಡಿದ್ದು ಕರಿಗುಡ್ಡೆಯ ಮುಂದೆ ಗಡಿಯಾರದ ಗಾಜಿನಂತಿರುವ ಕಾರ್ನಿಯಾವನ್ನು ಮಾತ್ರ. ಅದರ ಮುಂಪದರವನ್ನು ಇಬ್ಬರಿಗೆ, ಒಳಪದರವನ್ನು ಇನ್ನಿಬ್ಬರಿಗೆ ಕೂಡಿಸಲಾಯಿತು. ಕಣ್ಣಿನ ಹಿಂಭಾಗದಿಂದ ಮೆದುಳಿಗೆ ಹೋಗುವ ದೃಷ್ಟಿನರ ಹಾಳಾದರೆ ಅದನ್ನು ಹೀಗೆ ಬದಲಿಸುವ ಉಪಾಯ ವೈದ್ಯರ ಬಳಿ ಇನ್ನೂ ಇಲ್ಲ.

ಏಕೆ? ದೃಷ್ಟಿನರವೆಂದರೆ ವಿದ್ಯುತ್ ತಂತಿಯಂತೆ ಎಂದು ನಾವು ತಿಳಿಯುತ್ತೇವೆ. ತಂತಿ ತುಂಡಾದರೆ ಬಲ್ಬಿಗೇನೂ ಆಗದು. ಮತ್ತೆ ಜೋಡಿಸಿದರೆ ಉರಿಯುತ್ತದೆ. ಕಣ್ಣಿನ ಸಂಗತಿ ಹಾಗಲ್ಲ. ಕಣ್ಣಿನ ಒಳಗೋಡೆಗೆ ಅಂಟಿಕೊಂಡಿರುವ ತೆಳುಪದರವೇ ರೆಟಿನಾ, ಅಂದರೆ ಅಕ್ಷಿಪಟಲ. ಅದರಲ್ಲಿ ಸುಮಾರು 10 ಲಕ್ಷ ಗ್ಯಾಂಗ್ಲಿಯಾನ್ ನರಕೋಶಗಳಿವೆ. ಪ್ರತಿಯೊಂದು ಕೋಶವೂ ಒಂದು ಉದ್ದನೆಯ ಎಳೆಯನ್ನು ಚಾಚುತ್ತದೆ. ಆ ಎಳೆಗಳ ಕಟ್ಟೇ ದೃಷ್ಟಿನರ. ಹೀಗಾಗಿ ನರಕ್ಕೆ ಬಿದ್ದ ಪೆಟ್ಟು ರೆಟಿನಾದ ಕೋಶಕ್ಕೇ ಬಿದ್ದ ಪೆಟ್ಟು.

ಈ ಎಳೆಗಳು ಕಣ್ಣಿನ ಸುದ್ದಿಯನ್ನು ಮೆದುಳಿಗೆ ಒಯ್ಯುವುದಷ್ಟೇ ಅಲ್ಲ, ಕೋಶ ಬದುಕಿರಲು ಬೇಕಾದ ಪೋಷಕ ವಸ್ತುಗಳನ್ನು ಮೆದುಳಿನಿಂದ ಹಿಂದಕ್ಕೂ ತರುತ್ತವೆ. ಎಳೆ ಜಜ್ಜಿಹೋದರೆ ಆ ಪೂರೈಕೆ ನಿಲ್ಲುತ್ತದೆ. ಕೆಲವು ವಾರಗಳಲ್ಲಿ ರೆಟಿನಾದ ಕೋಶಗಳು ಸಾಯತೊಡಗುತ್ತವೆ. ಬೆರಳಿನ ನರ ಮತ್ತೆ ಚಿಗುರಬಹುದು. ದೃಷ್ಟಿನರ ಹಾಗೆ ಚಿಗುರುವುದಿಲ್ಲ. ಸೋಜಿಗವೆಂದರೆ, ಬೆಳಕನ್ನು ಹಿಡಿಯುವ ಕೋಶಗಳು ಬಹುಮಟ್ಟಿಗೆ ಸರಿಯಾಗಿಯೇ ಉಳಿದಿರುತ್ತವೆ. ಕಾಗದ ಬರೆಯುವವರಿದ್ದಾರೆ, ಅಂಚೆಯವನಿಲ್ಲ!

2023ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ವೈದ್ಯರು ಮೊದಲ ಬಾರಿಗೆ ಒಬ್ಬರಿಗೆ ಇಡೀ ಕಣ್ಣನ್ನೇ ಕಸಿ ಮಾಡಿದರು. ಕಣ್ಣಿನಲ್ಲಿ ರಕ್ತ ಹರಿಯಿತು, ರೆಟಿನಾ ಬೆಳಕಿಗೆ ಪ್ರತಿಕ್ರಿಯೆಯನ್ನೂ ತೋರಿತು. ಆದರೆ ದೃಷ್ಟಿ ಬರಲಿಲ್ಲ.

ಪೋಷಕರು ಮೋಸಹೋಗುವುದು ಇನ್ನೊಂದು ಕಡೆ. ಹುಬ್ಬಿನ ಬಳಿ ಬಲವಾದ ಪೆಟ್ಟು ಬಿದ್ದು ನರಕ್ಕೆ ಏಟಾದರೂ ಮೊದಲ ಕೆಲವು ವಾರ ಕಣ್ಣಿನ ಒಳಭಾಗ ನೋಡಲು ಸರಿಯಾಗಿಯೇ ಇರಬಹುದು. ನಾಲ್ಕಾರು ವಾರಗಳ ನಂತರ ನರದ ತುದಿ ಬಿಳಿಚಿಕೊಳ್ಳುತ್ತದೆ. ಓಸಿಟಿ ಎಂಬ ಯಂತ್ರದಿಂದ ರೆಟಿನಾದ ಪದರ ಎಷ್ಟು ತೆಳುವಾಗಿದೆ ಎಂದು ಅಳೆಯಬಹುದು. ಆದ್ದರಿಂದ ಪೆಟ್ಟು ಬಿದ್ದ ಮೇಲೆ ಮಗು "ಮಂಜಾಗಿ ಕಾಣುತ್ತದೆ" ಎಂದರೆ ಅಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಮಾಗಡಿ ರಸ್ತೆಯಲ್ಲೋ ಕೆಂಗೇರಿಯ ಕಡೆಗೋ ಸ್ಕೂಟರಿನಲ್ಲಿ ಕಾಲೇಜಿಗೆ ಹೋಗುವವರು ಹೆಲ್ಮೆಟ್ ಪಟ್ಟಿಯನ್ನು ಬಿಗಿಯಾಗಿ ಕಟ್ಟಿಕೊಳ್ಳಲಿ.

ಇನ್ನೊಂದು ಎಚ್ಚರಿಕೆ. ಧೂಳಿನ ಅಲರ್ಜಿಯಿಂದ ಮಗು ಕಣ್ಣುಜ್ಜುತ್ತದೆ. ಹಿಂದೆ ವೈದ್ಯರು ಬರೆದುಕೊಟ್ಟ ಹನಿಯನ್ನೇ ಔಷಧಿ ಅಂಗಡಿಯಿಂದ ಮತ್ತೆ ಮತ್ತೆ ತಂದು ಹಾಕುತ್ತೇವೆ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ತಿಂಗಳುಗಟ್ಟಲೆ ಬಳಸಿದಾಗ ಕೆಲವು ಮಕ್ಕಳಲ್ಲಿ ಕಣ್ಣಿನ ಒತ್ತಡ ಏರಿ, ಗ್ಲಾಕೋಮಾ ಉಂಟಾಗಿ, ನರದ ಎಳೆಗಳು ಒಂದೊಂದಾಗಿ ನಾಶವಾಗುತ್ತವೆ. ಅನೇಕ ವೇಳೆ ನೋವಿರುವುದಿಲ್ಲ. ಬದಿಯ ದೃಷ್ಟಿ ಮೊದಲು ಹೋಗುವುದರಿಂದ ಮಗುವಿಗೂ ತಿಳಿಯದು. ಆ ಹನಿ ಹಾಕುತ್ತಿದ್ದರೆ ಕಣ್ಣಿನ ಒತ್ತಡವನ್ನು ಅಳೆಸುತ್ತಿರಿ. ಮನೆಯಲ್ಲಿ ಹಿರಿಯರಿಗೆ ಗ್ಲಾಕೋಮಾ ಇದ್ದರೆ ಉಳಿದವರೂ ಪರೀಕ್ಷೆ ಮಾಡಿಸಿಕೊಳ್ಳಿ.

ಕಾರ್ನಿಯಾವನ್ನು ಇನ್ನೊಬ್ಬರು ದಾನ ಮಾಡಿಯಾರು. ದೃಷ್ಟಿನರವನ್ನು ಮಾತ್ರ ನಾವೇ ಕಾಪಾಡಿಕೊಳ್ಳಬೇಕು.