ಸಸಿಯ ಸತ್ತ್ವ ಎತ್ತರದಲ್ಲಿಲ್ಲ

ತರಕಾರಿ ಸಸಿಗಳನ್ನು ಕೊಳ್ಳಲೆಂದು ನರ್ಸರಿಗೆ ಹೋದ ರೈತನ ಕಣ್ಣು, ಎತ್ತರವಾಗಿ ನಳನಳಿಸುತ್ತ ನಿಂತ ಟ್ರೇಯ ಮೇಲೆಯೇ ಮೊದಲು ಬೀಳುವುದು ಸಹಜ. ಆದರೆ ಎತ್ತರವೆಂಬುದು ಆರೋಗ್ಯಕ್ಕೆ ಪ್ರಮಾಣವಲ್ಲವೆಂಬುದನ್ನೂ, ಎಷ್ಟೋ ವೇಳೆ ಅದು ದೌರ್ಬಲ್ಯದ ಲಕ್ಷಣವೇ ಆಗಿರುವುದೆಂಬುದನ್ನೂ ಕಾಂಡದ ಅಂತರಂಗವನ್ನು ಪರಿಶೀಲಿಸಿದವರು ಬಲ್ಲರು.

ಕಾಂಡದ ಈ ಗುಟ್ಟು ಸಸ್ಯದ ಹಾರ್ಮೋನುಗಳಲ್ಲಿದೆ. ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ದಿಮಿತ್ರಿ ನೆಲ್ಯುಬೊವ್ ಎಂಬ ತರುಣ ಸಂಶೋಧಕನು, ಕತ್ತಲೆಯಲ್ಲಿ ಬೆಳೆಸಿದ ಬಟಾಣಿ ಮೊಳಕೆಗಳು ಪ್ರಯೋಗಶಾಲೆಯ ಗಾಳಿಯಲ್ಲಿ ನೆಟ್ಟಗೆ ಏಳದೆ, ಗಿಡ್ಡವಾಗಿ, ದಪ್ಪವಾಗಿ, ಅಡ್ಡಲಾಗಿ ಬೆಳೆಯುತ್ತಿದ್ದುದನ್ನು ಕಂಡು, ದೀಪದ ಅನಿಲದೊಳಗಿನ ಎಥಿಲೀನೇ ಇದಕ್ಕೆ ಕಾರಣವೆಂದು 1901ರಲ್ಲಿ ಪ್ರಕಟಿಸಿದನು. ಮಾಗುವ ಸೇಬು ಇದೇ ಅನಿಲವನ್ನು ತಾನಾಗಿ ಉತ್ಪಾದಿಸುವುದೆಂದು 1934ರಲ್ಲಿ ಇಂಗ್ಲೆಂಡಿನ ರಿಚರ್ಡ್ ಗೇನ್ ರುಜುವಾತುಪಡಿಸಿದ ತರುವಾಯ, ಹೊರಗಿನ ವಿಷವೆಂದು ತೋರಿದ್ದ ವಸ್ತುವು ಸಸ್ಯದ ಸ್ವಂತ ಹಾರ್ಮೋನೆಂದು ಮನ್ನಣೆ ಪಡೆಯುವ ದಾರಿ ತೆರೆಯಿತು.

ಇದರ ಕಾರ್ಯವಿಧಾನವಂತೂ ಅತ್ಯಂತ ರಮ್ಯವಾದುದು. ಕಾಂಡದ ಜೀವಕೋಶಗಳ ಗೋಡೆಯಲ್ಲಿ ಸೆಲ್ಯುಲೋಸಿನ ಎಳೆಗಳು, ಪೀಪಾಯಿಗೆ ಬಿಗಿದ ಕಬ್ಬಿಣದ ಪಟ್ಟಿಗಳಂತೆ ಅಡ್ಡಲಾಗಿ ಸುತ್ತಿಕೊಂಡಿರುವುದರಿಂದ, ಒಳಗಿನ ನೀರಿನ ಒತ್ತಡಕ್ಕೆ ಕೋಶವು ಅಗಲವಾಗಲಾರದೆ ಉದ್ದಕ್ಕೆ ಬೆಳೆಯುತ್ತದೆ. ಎಥಿಲೀನಿನ ಪ್ರಭಾವಕ್ಕೆ ಸಿಕ್ಕಾಗ ಹೊಸ ಎಳೆಗಳು ನಿಡಿದಾಗಿ ಹಾಸಿಕೊಳ್ಳುವುದರಿಂದ ಆ ಬಿಗಿ ಸಡಿಲಿ, ಕೋಶವು ಪಕ್ಕಕ್ಕೆ ಉಬ್ಬುತ್ತದೆ. ಗಟ್ಟಿಯಾದ ಮಣ್ಣನ್ನು ಭೇದಿಸಿ ಮೇಲೇಳಬೇಕಾದ ಮೊಳಕೆಗೆ ಈ ಸ್ಥೂಲತೆಯೇ ಬಲವಾಗಿ ಪರಿಣಮಿಸುವುದು.

ಜಿಬ್ಬರೆಲಿನ್ ಎಂಬ ಇನ್ನೊಂದು ಸಸ್ಯ ಹಾರ್ಮೋನಿನ ಗುಣ ಇದಕ್ಕೆ ವಿರುದ್ಧ. ಒಂದು ಬಗೆಯ ಶಿಲೀಂಧ್ರದ ಸ್ರಾವದಿಂದ ಭತ್ತದ ಪೈರು ಅತಿಯಾಗಿ ನೀಳವಾಗುವುದನ್ನು ಜಪಾನಿನ ಕುರೊಸಾವ 1926ರಲ್ಲಿ ತೋರಿಸಿಕೊಟ್ಟನು. ಆ ಸ್ರಾವದ ಸಾರವೇ ಜಿಬ್ಬರೆಲಿನ್. ನಮ್ಮ ದ್ರಾಕ್ಷಿ ಬೆಳೆಗಾರರು ಕಾಯಿ ದಪ್ಪವಾಗಲೆಂದು ಅದನ್ನು ಬಳಸುವುದು ಯುಕ್ತವೇ ಸರಿ. ಆದರೆ ಗೊಂಚಲಿಗೆ ಹಿತವಾದುದು ಟೊಮೇಟೊ ಸಸಿಗೂ ಹಿತವೆಂದು ಭಾವಿಸಿ ಸಿಂಪಡಿಸಿದರೆ, ಗೆಣ್ಣುಗಳ ನಡುವಣ ಅಂತರ ನೀಳವಾಗಿ, ಕಾಂಡ ಬಳುಕಿ, ನಾಟಿಯ ಮರುದಿನದ ಗಾಳಿಗೆ ಸಸಿ ಒರಗೀತು. ಸಾಕಷ್ಟು ಬೆಳಕು, ಸಸಿಸಸಿಗಳ ನಡುವೆ ತಕ್ಕಷ್ಟು ಎಡೆ, ತುದಿಗಳನ್ನು ದಿನವೂ ಮೃದುವಾಗಿ ಸವರುವ ಕೈ, ಇಷ್ಟರಿಂದಲೇ ಟೊಮೇಟೊ ಸಸಿಗಳು ಗಿಡ್ಡವಾಗಿ ಗಟ್ಟಿಗೊಳ್ಳುವುವು. ಹಾರ್ಮೋನಿನ ಸೀಸೆಯ ಆಶ್ರಯ ಎಲ್ಲೆಡೆಯೂ ಬೇಕಿಲ್ಲ.

ಆದಕಾರಣ, ಸಸಿ ಕೊಳ್ಳುವವರು ಎತ್ತರಕ್ಕೆ ಮರುಳಾಗದೆ ಕಾಂಡವನ್ನು ಬೆರಳಲ್ಲಿ ಹಿಡಿದು ನೋಡಲಿ; ಮಾರುವವರು ಯಾವ ಹಾರ್ಮೋನನ್ನು, ಯಾವ ದಿನ, ಎಷ್ಟು ಪ್ರಮಾಣದಲ್ಲಿ ಸಿಂಪಡಿಸಿದರೆಂಬುದನ್ನು ಟ್ರೇಯೊಡನೆ ಬರೆದುಕೊಡಲಿ.