ಮಲ್ಪೆಯ ಪಡುವಣದಲ್ಲೊಂದು ಗುಡ್ಡ

ಮಲ್ಪೆ ಬಂದರಿನಿಂದ ನೇರ ಪಡುವಣಕ್ಕೆ ಹೊರಟರೆ ಸುಮಾರು ನೂರು ಕಿಲೋಮೀಟರ್ ಆಚೆ ಒಂದು ಗುಡ್ಡ ಸಿಗುತ್ತದೆ. ಶಾಲೆಯಲ್ಲಿ ನಾವು ಬಿಡಿಸಿದ ಯಾವ ಭೂಪಟದಲ್ಲೂ ಅದಿರಲಿಲ್ಲ. ಅದರ ನೆತ್ತಿಯೇ ನೀರಿನ ಮೇಲ್ಮೈಯಿಂದ ಸುಮಾರು 38 ಮೀಟರ್ ಕೆಳಗಿದೆ, ಅಂದರೆ ಇಪ್ಪತ್ತೊಂದು ಮಾರು. ಸುತ್ತಲಿನ ತಳ ಅದಕ್ಕಿಂತ ಎಷ್ಟೋ ಆಳ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ‘ಗವೇಷಣಿ’ ಹಡಗಿನವರು ಇದನ್ನು ಕಂಡುಕೊಂಡರು. ಅಲ್ಲಿ ಜೀವಂತ ಹವಳವಿದೆ ಎಂದು ಆರ್. ಆರ್. ನಾಯರ್ ಮತ್ತು ಎಸ್. ಝಡ್. ಖಾಸಿಂ 1978ರಲ್ಲಿ ಪ್ರಬಂಧ ಬರೆದರು. ಹಡಗಿನ ಹೆಸರೇ ಗುಡ್ಡಕ್ಕೂ ನಿಂತಿತು: ಗವೇಷಣಿ ದಿಬ್ಬ. ಗವೇಷಣೆ ಎಂದರೆ ಹುಡುಕಾಟ. ಇದಕ್ಕಿಂತ ಒಪ್ಪುವ ಹೆಸರು ನನಗೆ ಹೊಳೆಯದು.

ದಡದ ಮಗ್ಗುಲು ಬಿಟ್ಟು ಹವಳ ಅಷ್ಟು ದೂರ ಹೋಗಿ ನೆಲೆಸಿದ್ದೇಕೆ? ಇದಕ್ಕೆ ಉತ್ತರ ನಮ್ಮ ಹೊಳೆಗಳಲ್ಲಿದೆ. ಹವಳವೊಂದು ಪುಟ್ಟ ಪ್ರಾಣಿ. ಅದರ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿ ಬಿಸಿಲಿನ ಬಲದಿಂದ ಆಹಾರ ತಯಾರಿಸಿ ಅದಕ್ಕೆ ಉಣಿಸುತ್ತದೆ. ನೀರು ತಿಳಿಯಾಗಿದ್ದರೆ ಮಾತ್ರ ಈ ಸಂಸಾರ ನಡೆದೀತು. ಆದರೆ ಮಳೆಗಾಲದಲ್ಲಿ ನೇತ್ರಾವತಿ, ಸ್ವರ್ಣಾ, ಶರಾವತಿ, ಕಾಳಿ ಎಲ್ಲವೂ ಘಟ್ಟದ ಮಣ್ಣು ಹೊತ್ತು ತಂದು ಕಡಲನ್ನು ಕದಡಿಬಿಡುತ್ತವೆ. ಮುರುಡೇಶ್ವರದೆದುರಿನ ನೇತ್ರಾಣಿಯ ಬಂಡೆಗಳಂಥ ಕೆಲವೆಡೆ ಹವಳ ಹೇಗೋ ಅಂಟಿಕೊಂಡಿದೆ, ನಿಜ. ಆದರೆ ಹೊಳೆಯ ಕೆಸರಿನಲ್ಲಿ ಬಹುಪಾಲು ದಡದ ಹತ್ತಿರದ ಕಡಲಲ್ಲೇ ತಂಗುತ್ತದೆ. ಅದರಾಚೆ ತಳದಲ್ಲಿರುವುದು ಚಿಪ್ಪು, ಸುಣ್ಣ ಬೆರೆತ ಹಳೆಯ ಮರಳು. ಗವೇಷಣಿ ಇರುವುದು ಆ ತಿಳಿನೀರಿನ ಸೀಮೆಯಲ್ಲಿ.

ಆ ಮರಳನ್ನು ಹಳೆಯದು ಎಂದೆ. ಎಷ್ಟು ಹಳೆಯದೆಂದರೆ, ಅದು ಒಂದು ಕಾಲದ ಕಡಲತೀರದ ಗುರುತು. ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹಿಂದೆ ಲೋಕದ ನೀರು ಅಪಾರವಾಗಿ ಹಿಮಗಡ್ಡೆಯಾಗಿ ನೆಲದ ಮೇಲೆ ಕೂತಿತ್ತು. ಕಡಲಿನ ಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಇಳಿದಿತ್ತು. ಇಂದಿನ ಮಲ್ಪೆಯಿಂದ ಗವೇಷಣಿಯವರೆಗೆ ಆಗ ಒಣನೆಲ. ಪರಶುರಾಮ ಕೊಡಲಿ ಎಸೆದು ಕಡಲನ್ನು ಹಿಂದೆ ಸರಿಸಿದ ಕಥೆ ಕೇಳಿ ಬೆಳೆದವರು ನಾವು. ಭೂವಿಜ್ಞಾನ ಆ ಕಥೆಯ ಮುಂದಿನ ಅಧ್ಯಾಯವನ್ನು ಹೇಳುತ್ತದೆ: ಹಿಮ ಕರಗಿತು, ಸರಿದ ಕಡಲು ಮರಳಿ ಬಂತು.

ನೀರು ಏರುವಾಗ ಹವಳಕ್ಕೆ ಉಳಿಯುವ ದಾರಿ ಒಂದೇ, ಅದರ ಜೊತೆಜೊತೆಗೆ ಮೇಲೆ ಬೆಳೆಯುವುದು. ಲಕ್ಷದ್ವೀಪದ ಹವಳ ಮೇಲ್ಮೈಯವರೆಗೂ ಬೆಳೆಯಿತು. ಅದರ ಮೇಲೆ ಮರಳು ನಿಂತಿತು, ತೆಂಗು ಬಂತು, ಜನ ಬಂದರು. ಅಲ್ಲಿನ ಅಮಿನಿ, ಕಡಮತ್ ಮೊದಲಾದ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಗವೇಷಣಿ ಮೇಲ್ಮೈ ಮುಟ್ಟಲಿಲ್ಲ. ಮಸುಕು ಬೆಳಕಿನ ಆ ಆಳದಲ್ಲಿ, ಯಾರ ಕಣ್ಣಿಗೂ ಬೀಳದೆ ಜೀವ ಹಿಡಿದುಕೊಂಡಿತು. ದ್ವೀಪವಾದವುಗಳಿಗಿಂತ ಈ ಮುಳುಗಿದ ದಿಬ್ಬವೇ ನನಗೆ ಹೆಚ್ಚು ಆಪ್ತ.

ಕಾಣದ್ದನ್ನು ಕಾಯುವುದು ಕಷ್ಟ. ಗುಡ್ಡ ಅಗೆದರೆ ಊರಿಗೆ ಊರೇ ನೋಡುತ್ತದೆ. ತಳ ಗೋರುವ ಬಲೆ ಹವಳದ ಮೇಲೆ ಹಾದುಹೋದರೆ ನೋಡುವವರು ಯಾರು? ಮೊದಲು ಅದು ನಮ್ಮ ಮಕ್ಕಳ ಕಣ್ಣಿಗಾದರೂ ಬೀಳಲಿ. ಮುಂದಿನ ಸಲ ಮನೆಯಲ್ಲಿ ಮಗು ಕರ್ನಾಟಕದ ಭೂಪಟ ಬಿಡಿಸುವಾಗ ತೀರದ ಗೆರೆಗೇ ಪೆನ್ಸಿಲ್ ನಿಲ್ಲಿಸಲು ಬಿಡಬೇಡಿ. 13 ಡಿಗ್ರಿ 24 ನಿಮಿಷ ಉತ್ತರ, 73 ಡಿಗ್ರಿ 45 ನಿಮಿಷ ಪೂರ್ವ. ಅಲ್ಲೊಂದು ಚುಕ್ಕೆ ಇಡಿಸಿ, ಹೆಸರು ಬರೆಸಿ.